ಕೆಳಮನೆಯ ದೂರು

ಕೊರಿಯಾದ ಬಂದರು ಊರು ಮೊಕ್ಪೊದ ಆ ಮಹಡಿಯ ಬಾಡಿಗೆ ಮನೆ ನೆನಪಾದರೆ ನನಗೆ ಈಗಲೂ ಹೆದರಿಕೆಗಿಂತ ಮೊದಲು ಸಿಟ್ಟೇ ಬರುತ್ತದೆ.

ನನಗೆ ಗಿಟಾರ್ ಕಲಿಸಿದವಳು ಮೀನು ಮಾರುತ್ತಿದ್ದ ಸೋದರತ್ತೆ. "ಅವಸರ ಮಾಡ್ಬೇಡ ಕಣೇ, ತಂತಿ ಸುಮ್ಮನಾಗೋವರೆಗೂ ಕೇಳು" ಅನ್ನುತ್ತಿದ್ದಳು. ಹಾಗಾಗಿ ನನ್ನದು ಹಾಡಿಲ್ಲದ, ತಾಳವಿಲ್ಲದ ನಿಧಾನದ ಸಂಗೀತ. ಮಧ್ಯಾಹ್ನ ಮನೆಯಲ್ಲೇ ಕೂತು, ಪಕ್ಕದ ಕೋಣೆಗೂ ಕೇಳಿಸದಷ್ಟು ಮೆಲ್ಲಗೆ ನುಡಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಕೆಳಮನೆಯ ಮಾ ಎಂಬ ಅಜ್ಜಿ ಬಾಗಿಲು ಬಡಿದಳು.

"ನಿನ್ನೆ ಅದೇನಮ್ಮ ನಿನ್ನ ಗಿಟಾರಿನ ಗೋಳು? ತಂತಿ ಹರಿದ ಮೇಲೇ ಸುಮ್ಮನಾದೆ!"

"ನಿನ್ನೆ ನಾನು ಊರಲ್ಲೇ ಇರಲಿಲ್ಲ ಅಜ್ಜಿ. ನೋಡಿ, ಆರೂ ತಂತಿ ಸರಿಯಾಗಿವೆ."

"ಸುಳ್ಳು ಬೇರೆ!"

ಅವಮಾನದಿಂದ ಮೈಯೆಲ್ಲ ಉರಿಯಿತು. ಅವತ್ತೇ ಮಧ್ಯಾಹ್ನ ನುಡಿಸುವಾಗ ತಂತಿ ಹರಿಯಿತು.

ಮುಂದಿನ ವಾರ ಮತ್ತೆ ಬಂದಳು. "ನಿನ್ನೆ ನಡುನಡುವೆ ಕೆಮ್ಮು ಬೇರೆ!" ನನಗೆ ಕೆಮ್ಮು ಶುರುವಾದದ್ದು ಅವತ್ತು ಮಧ್ಯಾಹ್ನ, ನುಡಿಸುವಾಗ. ಅವಳು ನಿನ್ನೆ ಕೇಳಿದ್ದು ನನಗೆ ಇವತ್ತು ಆಗುತ್ತಿತ್ತು. ಮಾಡದ ತಪ್ಪಿಗೆ ಮುಂಚಿತವಾಗಿಯೇ ಬೈಗುಳ! ಇದ್ಯಾವ ನ್ಯಾಯ?

ಆಮೇಲೊಂದು ದಿನ ಅಜ್ಜಿ ನಗುತ್ತಾ ಒಂದು ಡಬ್ಬಿ ಕಿಮ್ಚಿ ಉಪ್ಪಿನಕಾಯಿ ತಂದುಕೊಟ್ಟಳು. "ನಿನ್ನೆ ಒಂದು ಸದ್ದೂ ಇಲ್ಲ ಕಣಮ್ಮ. ಹೀಗೇ ಇರು, ಪುಣ್ಯ ಬರುತ್ತೆ."

ನನ್ನ ಕೋಪ ನೆತ್ತಿಗೇರಿತು. ಅವತ್ತು ಬೇಕೆಂದೇ ಕಿಟಕಿ ತೆರೆದು, ಬೆರಳಲ್ಲಿ ಬೊಬ್ಬೆ ಏಳುವವರೆಗೂ ಜೋರಾಗಿ ಬಾರಿಸಿದೆ. ಕೆಳಗಿನಿಂದ ಯಾರೂ ಬರಲಿಲ್ಲ.

ಅವತ್ತಿನ ರೆಕಾರ್ಡಿಂಗ್ ಹಾಕಿ ಕೇಳಿದೆ. ಕುರ್ಚಿ ಕಿರುಗುಟ್ಟಿದ್ದು ಇತ್ತು, ಬಂದರಿನ ಹಡಗಿನ ಸೀಟಿ ಇತ್ತು, ನನ್ನ ಏದುಸಿರೂ ಇತ್ತು. ಗಿಟಾರ್ ಮಾತ್ರ ಎಲ್ಲೂ ಇರಲಿಲ್ಲ.