ಕಣಿವೆಯ ಬಾಯಿ ಕಾಣುತ್ತಿದೆ

ಪಾಪುವಾ ಪ್ರಾಂತ್ಯದ ನಮ್ಮ ಬೆಟ್ಟದೂರಿಗೆ ರಸ್ತೆಯಿಲ್ಲ. ಅಕ್ಕಿ, ಉಪ್ಪು, ಸೀಮೆಎಣ್ಣೆ ಎಲ್ಲವೂ ಸಣ್ಣ ಸರಕು ವಿಮಾನದಲ್ಲೇ ಬರಬೇಕು. ವಿಮಾನ ಒಳಬರುವ ಕಣಿವೆಯ ಬಾಯಿ ಕಾಣುತ್ತಿದೆಯೋ, ಮಂಜು ಮುಚ್ಚಿದೆಯೋ ಎಂದು ಬೆಳಿಗ್ಗೆ ಪೈಲಟ್‌ಗೆ ರೇಡಿಯೋದಲ್ಲಿ ತಿಳಿಸುವುದು ನನ್ನ ಕೆಲಸ.

ಆಗಸ್ಟ್‌ನ ಆ ದಿನ ಏನೂ ಕಾಣುತ್ತಿರಲಿಲ್ಲ. ಊರಲ್ಲಿ ಅಕ್ಕಿ ಮುಗಿದು ಮೂರು ವಾರವಾಗಿತ್ತು. ಪಕ್ಕದಲ್ಲಿ ನಿಂತಿದ್ದ ಹಿರಿಯ ಎಲಾಬಕ್, "ಕಾಣುತ್ತೆ ಅಂದ್ಬಿಡಮ್ಮ. ಅವನು ಬರೋಷ್ಟರಲ್ಲಿ ಮಂಜು ಕರಗುತ್ತೆ," ಅಂದರು. ನಾನು ಹಾಗೇ ಹೇಳಿದೆ. ಪೈಲಟ್ ಹೆರ್ಮಾನುಸ್ ಅವರ ವಿಮಾನ ಬೆಟ್ಟಕ್ಕೆ ಬಡಿದು ಅಕ್ಕಿಯ ಸಮೇತ ಸುಟ್ಟುಹೋಯಿತು; ಅವರು ಸತ್ತರು. ನಾನು ಸುಳ್ಳು ಹೇಳಿದ್ದು ಎಲಾಬಕ್ ಬಿಟ್ಟು ಯಾರಿಗೂ ಗೊತ್ತಿಲ್ಲ.

ನವೆಂಬರ್‌ನಲ್ಲಿ ಹೊಸ ಪೈಲಟ್ ಟಿಗೋರ್ ಬರುವ ದಿನವೂ ಅಷ್ಟೇ ಮಂಜು. "ಕಾಣ್ತಿಲ್ಲ, ಹಿಂದಕ್ಕೆ ಹೋಗು," ಎಂದು ನಾಲ್ಕು ಸಲ ಹೇಳಿದೆ. ಆದರೂ ಅವನು ತಿರುಗಲಿಲ್ಲ. ಎಂಜಿನ್ ಸದ್ದು ಕೇಳಿಸಿತು. ಅದರ ಮುಂದೆ, ಇನ್ನೂ ಕೆಳಗೆ, ಮತ್ತೊಂದು ಎಂಜಿನ್ ಸದ್ದು. ಕಿಟಕಿ ಮುಚ್ಚಿದ್ದರೂ ರೇಡಿಯೋ ಕೋಣೆಯೊಳಗೆ ಸುಟ್ಟ ಅಕ್ಕಿಯ ವಾಸನೆ ಬಂತು. ಕೈಯಲ್ಲಿದ್ದ ಮೈಕು ತಣ್ಣಗಾಗಿ ಬೆರಳು ಮರಗಟ್ಟಿತು.

ಟಿಗೋರ್ ಇಳಿದು ನಗುತ್ತಲೇ ಕೋಣೆಗೆ ಬಂದ. "ಏನಕ್ಕ, ಬಂದವನಿಗೆ ತಿನ್ನೋಕೆ ಸಿಹಿಗೆಣಸು ಕೊಡಬೇಕಾಗುತ್ತೆ ಅಂತ ಹಿಂದಕ್ಕೆ ಕಳಿಸ್ತಿದ್ಯಾ?"

"ದಾರಿ ಹೇಗೋ ಕಾಣ್ತು ನಿನಗೆ?"

"ಮುಂದೆ ಒಂದು ವಿಮಾನ ಇಳೀತಿತ್ತಲ್ಲ, ಅದರ ದೀಪ ನೋಡ್ಕೊಂಡು ಬಂದೆ. ಅದರ ಪೈಲಟ್ಟೇ ರೇಡಿಯೋದಲ್ಲಿ ಹೇಳಿದ, 'ಅವಳ ಮಾತು ಕೇಳಬೇಡ, ನನ್ನ ಹಿಂದೆ ಬಾ' ಅಂತ. ಎಲ್ಲಿ ನಿಲ್ಲಿಸಿದಾನೆ ಅವನು?"

ನಾನು ಹೊರಗೆ ಹೋಗಿ ನೋಡಿದೆ. ಅವನ ವಿಮಾನ ಒಂದೇ ನಿಂತಿತ್ತು. ಆದರೆ ಒದ್ದೆ ಹುಲ್ಲಿನಲ್ಲಿ ಎರಡು ವಿಮಾನಗಳ ಚಕ್ರದ ಗುರುತಿತ್ತು. ಒಂದು ಟಿಗೋರನ ವಿಮಾನದವರೆಗೆ ಹೋಗಿತ್ತು. ಇನ್ನೊಂದು ನನ್ನ ರೇಡಿಯೋ ಕೋಣೆಯ ಬಾಗಿಲಿಗೆ ಬಂದು ನಿಂತಿತ್ತು.