ಏಳನೇ ಲೈನಿನ ತಿರುಗುಮುರುಗು ಸೂಜಿ

"ನಿಮಗೆ ಮಷೀನ್ ರಿಪೇರಿ ಬರುತ್ತೋ, ಇಲ್ಲ ಬರೀ ನಗೋಕೆ ಬರುತ್ತೋ?"

ಗಾರ್ಮೆಂಟ್ಸ್ ಫ್ಯಾಕ್ಟರಿಯ ಏಳನೇ ಲೈನಿನ ಸೂಪರ್‌ವೈಸರ್ ಗುಡುಗಿದಳು. ಹೊಲಿಗೆ ಯಂತ್ರದ ಕೆಳಗಿನಿಂದ ಹೊಸ ಮೆಕ್ಯಾನಿಕ್ ತಲೆ ಹೊರಹಾಕಿದ. ಮೂಗಿನ ತುದಿಯಲ್ಲಿ ಎಣ್ಣೆ.

"ಎರಡೂ ಬರುತ್ತೆ ಮೇಡಂ."

ಮೂವತ್ತು ಹೆಂಗಸರು ಕಿಸಕ್ಕನೆ ನಕ್ಕರು. ಅವಳ ಕೆನ್ನೆ ಬಿಸಿಯಾಯಿತು... ಕೋಪಕ್ಕೇ ಇರಬೇಕು ಎಂದುಕೊಂಡಳು!

ಅವನು ಬಂದಾಗಿನಿಂದ ಬೇರೆ ಲೈನುಗಳೆಲ್ಲ ಸರಾಗ. ಅವಳ ಲೈನು ಮಾತ್ರ ದಿನಕ್ಕೆ ಮೂರು ಸಲ ನಿಲ್ಲುತ್ತಿತ್ತು. ಕಾಲರ್ ಯಂತ್ರವೊಂದು ಕೈಕೊಟ್ಟರೆ ಹಿಂದೆ ಅಂಗಿಗಳ ಗುಡ್ಡೆ, ಮುಂದೆ ಎಲ್ಲರೂ ಕೈಕಟ್ಟಿ ಕೂರಬೇಕು. ಪ್ರತಿ ನಿಲುಗಡೆಯನ್ನೂ ಅವಳು ನಿಮಿಷ ಸಮೇತ ಬರೆದಿಟ್ಟಳು.

ಅದನ್ನು ನೋಡಿದ ಮ್ಯಾನೇಜರ್ ಶನಿವಾರ ಅವಳ ಮೇಜಿಗೇ ದೂರಿನ ಕಾಗದ ತಂದರು.

"ಸಹಿ ಹಾಕಮ್ಮ. ಸೋಮವಾರದಿಂದ ಅವನು ಬೇರೆ ಊರಿನ ಫ್ಯಾಕ್ಟರಿಗೆ."

ಲೆಕ್ಕ ಸರಿಯಾಗಿಯೇ ಇತ್ತು. ಪೆನ್ನು ಮಾತ್ರ ಮುಂದೆ ಹೋಗಲಿಲ್ಲ.

'ದಿನಕ್ಕೆ ನಲವತ್ತು ನಿಮಿಷ ಹಾಳುಮಾಡಿದವನು ಹೋದರೆ ನನಗ್ಯಾಕೆ ಸಂಕಟ?'

"ಅಯ್ಯೋ, ಬೇಡ ಕಣೇ!" ಕಾಲರ್ ಹೊಲಿಯುವ ಅಕ್ಕ ಎದ್ದು ಬಂದು ಕಾಗದ ಕಸಿದುಕೊಂಡಳು. "ಸೂಜಿ ತಿರುಗುಮುರುಗು ಹಾಕ್ತಿದ್ದೋಳು ನಾನೇ! ಹೊಲಿಗೆ ತಪ್ಪಿದ್ರೆ ಅವನು ಬರ್ತಾನೆ, ನೀನೂ ಬರ್ತೀಯ... ಇಬ್ಬರೂ ಮಾತಾಡ್ಲಿ ಅಂತ!"

"ಅಕ್ಕಾ! ನಾನು ಬೈತಿದ್ದೆ!"

"ಬೇರೆ ಯಾರನ್ನ ಅಷ್ಟು ಹೊತ್ತು ಬೈದಿದ್ದೀಯ, ಹೇಳು?"

ಮ್ಯಾನೇಜರ್ ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ನೇರ ಮೆಕ್ಯಾನಿಕ್ ಕೋಣೆಗೆ ನುಗ್ಗಿದಳು.

"ಸೂಜಿ ವಿಷಯ ನಿಮಗೆ ಗೊತ್ತಿತ್ತಾ?"

"ಮೊದಲ ವಾರವೇ. ಇಪ್ಪತ್ತು ವರ್ಷ ಹೊಲಿದವರು ದಿನಕ್ಕೆ ಮೂರು ಸಲ ಸೂಜಿ ತಪ್ಪು ಹಾಕ್ತಾರಾ?"

"ಮತ್ತೆ ಯಾಕ್ರೀ ಹೇಳಲಿಲ್ಲ? ಈ ಊರೇ ಬಿಡಬೇಕಾಗ್ತಿತ್ತಲ್ಲ!"

"ಹೇಳಿದ್ರೆ... ನೀವು ಕರೆಯೋದೇ ನಿಂತುಹೋಗ್ತಿತ್ತು."

ಅವಳಿಗೆ ನಗು ಬಂದುಬಿಟ್ಟಿತು. ಆದರೂ ಸೂಪರ್‌ವೈಸರ್ ಸೂಪರ್‌ವೈಸರೇ!

"ನಲವತ್ತು ನಿಮಿಷ! ದಿನಾ! ನನ್ನ ಲೈನ್ ಎಲ್ಲರಿಗಿಂತ ಹಿಂದೆ!"

"ತಪ್ಪಾಯ್ತು. ಇನ್ಮೇಲೆ ಕೆಲಸ ಶುರುವಾಗೋ ಮುಂಚೆನೇ ಎಲ್ಲ ಮಷೀನ್ ನೋಡಿಟ್ಟಿರ್ತೀನಿ. ಒಂದೂ ನಿಲ್ಲಲ್ಲ." ಅವನ ದನಿ ತಗ್ಗಿತು. "ಆಮೇಲೆ ನನ್ನನ್ನ ಕರೆಯೋಕೆ ಕಾರಣಾನೇ ಇರಲ್ಲ..."

"ಊಟದ ಬಿಡುವಿದೆಯಲ್ಲ," ಅವಳು ನೆಲ ನೋಡುತ್ತ ಅಂದಳು. "ಆಗ ಲೈನ್ ಹೇಗೂ ನಿಂತಿರುತ್ತೆ."

"ಮೂವತ್ತೇ ನಿಮಿಷನಾ?"

"ಭಾನುವಾರ ಬನ್ನಿ... ಅವತ್ತು ನಾನು ನಿಮಿಷ ಬರೆಯಲ್ಲ."