ಗೋಡೆಯ ಬಾಣಂತಿ

"ಮನೆ ನಿಮ್ದೇ ಅನ್ಕೊಳ್ಳಿ ತಾಯಿ. ಏನ್ ಬೇಕಾದ್ರೂ ಮಾಡ್ಕೊಳ್ಳಿ. ಹಿಂದಿನ ಕೋಣೆ ಕಿಂಡಿ ಒಂದ್ನ ಮಾತ್ರ ಮುಚ್ಬೇಡಿ."

ಪಿಳ್ಳಪ್ಪ ಇಷ್ಟನ್ನು ಹೊಸಿಲಿನ ಆಚೆಯೇ ನಿಂತು ಹೇಳಿದ. ಮನೆ ಅವನದೇ, ಬಾಡಿಗೆಗೆ ಕೊಡುತ್ತಿದ್ದವನೂ ಅವನೇ. ಆದರೂ ಒಳಗೆ ಕಾಲಿಡಲೊಲ್ಲ.

ಮುನಿಕೆಂಪಮ್ಮ ಗಟ್ಟಿಯಾಗಿ ನಕ್ಕಳು. ಅವಳು ಮನೆಯಲ್ಲಿ ನಕ್ಕರೆ ಅವಳ ಊರು ಚಿಕ್ಕಜಾಲದ ಬಾವಿಕಟ್ಟೆಗೆ ಕೇಳುತ್ತದೆಂದು ಅಲ್ಲಿಯವರು ಆಡಿಕೊಳ್ಳುತ್ತಿದ್ದರು. ಗಂಡ ಸೊಣ್ಣಪ್ಪನಿಗೆ ಜಾಲಹಳ್ಳಿ ಕಡೆ ಹೊಸದಾಗಿ ಎದ್ದ ಕಾರ್ಖಾನೆಯೊಂದರಲ್ಲಿ ಕಾವಲಿನ ಕೆಲಸ ಸಿಕ್ಕಿ, ಗಂಟುಮೂಟೆ ಕಟ್ಟಿಕೊಂಡು ಶೆಟ್ಟಿಹಳ್ಳಿಗೆ ಬಂದಿಳಿದ ದಿನ ಅದು. ಗಾಡಿಯ ಮೇಲೆ ಮಗಳು ಯಲ್ಲಮ್ಮ, ತುಂಬಿದ ಬಸುರಿ, ಸೊಂಟ ಹಿಡಿದುಕೊಂಡು ಕುಳಿತಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ತವರೆಂದರೆ ಇನ್ನು ಇದೇ ಮನೆ.

"ಯಾಕ್ ಯಜಮಾನ್ರೇ, ಮುಚ್ಚಿದ್ರೆ ದೆವ್ವ ಬತ್ತದಾ?"

ಪಿಳ್ಳಪ್ಪ ನಗಲಿಲ್ಲ. "ನಮ್ಮ ದೊಡ್ಡಪ್ಪಂಗೆ ಇಬ್ರು ಹೆಂಡ್ರು. ಕಿರಿಯಮ್ಮ ಹೆತ್ಲು. ಹಿರಿಯವಳಿಗೆ ಮಕ್ಕಳಿಲ್ಲ, ಹೊಟ್ಟೆ ಉರಿ. ಮಾಟ ಮಾಡ್ಸಿದ ಗಂಟು ತಂದು ಆ ಕಿಂಡಿಗೆ ತುರುಕಿದ್ಲು. ಗೋಡೆಯೆಲ್ಲ ಬೂಷ್ಟು ಬಂತು. ಬಾಣಂತಿ, ಕೂಸು ಇಬ್ರೂ ಉಸಿರು ಕಟ್ಟಿ ಸತ್ರು. ಸಾಯೋವಾಗ ಆಯಮ್ಮ ಶಾಪ ಆಕಿದ್ಲು. ಈ ಕಿಂಡಿ ಮುಚ್ಚಿದ ಕೈ ಮುಟ್ಟಿದ ಮಗೀಗೆ ಉಸಿರು ಸಿಗದಂಗಾಗ್ಲಿ ಅಂತ." ಅವನು ದನಿ ತಗ್ಗಿಸಿದ. "ಮಳೆಗೆ ಮುಂಚೆ ಸುಣ್ಣ ಬಳೀರಿ. ಹಾಸಿಗೆ ಬಿಸಿಲಿಗೆ ಆಕಿ. ಕಿಂಡಿ ತೆಗ್ದಿರ್ಲಿ. ಅಷ್ಟೇ ನಾನ್ ಕೇಳೋದು."

"ಮಣ್ಣು ಗೋಡೆ ನೀರು ಕುಡುದ್ರೆ ಬೂಷ್ಟು ಬರ್ದೆ ಮಲ್ಲಿಗೆ ಹೂವಾ ಬತ್ತದೆ? ಇಂಗೆಲ್ಲಾ ಹೆದರ್ಸಿದ್ರೆ ಬಾಡಿಗೆಗೆ ಯಾರ್ ಬತ್ತಾರೆ, ಯಜಮಾನ್ರೇ?" ಎಂದು ಅವಳು ಮಗಳ ಕೈ ಹಿಡಿದು ಒಳಗೆ ನಡೆಸಿದಳು. ಪಿಳ್ಳಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ಹೊರಟುಹೋದ.

ಆಷಾಢದಲ್ಲಿ ಯಲ್ಲಮ್ಮ ಗಂಡು ಹೆತ್ತಳು. ಹೊರಗೆ ಕೆರೆಯ ಕಡೆಯಿಂದ ಗಾಳಿ ಕುಯ್ಯೋ ಎನ್ನುತ್ತಿತ್ತು. ಮುನಿಕೆಂಪಮ್ಮ ದೆವ್ವಕ್ಕೆ ಹೆದರದವಳು, ಆದರೆ ಗಾಳಿಗೆ ಹೆದರುವವಳು. ಬಾಣಂತಿಗೆ ಗಾಳಿ ಸೋಕಿದರೆ ಸಾಯುವ ತನಕ ತಲೆನೋವು ಬಿಡುವುದಿಲ್ಲ, ಕೂಸಿಗೆ ಸೋಕಿದರೆ ಕೂಸೇ ಉಳಿಯುವುದಿಲ್ಲ ಎಂದು ಅವಳ ಅವ್ವ ಹೇಳಿದ್ದಳು, ಅವ್ವನ ಅವ್ವನೂ ಹೇಳಿದ್ದಳು. ಮಗಳ ಕಿವಿಗೆ ಬಟ್ಟೆ ಬಿಗಿದಳು. ಮಂಚದ ಕೆಳಗೆ ಕೆಂಡದ ಮಡಕೆ ಇಟ್ಟಳು. ಆಮೇಲೆ ಒರಳುಕಲ್ಲಿನ ಮೇಲೆ ಹತ್ತಿ, ಹಳೆಯ ಕಂಬಳಿಯ ಚೂರುಗಳನ್ನು ಕಿಂಡಿಗೆ ತುರುಕಿ, ಮೇಲೆ ಸಗಣಿ ಮೆತ್ತಿದಳು. ಎರಡೂ ಅಂಗೈಯಿಂದ ಒತ್ತಿ ಒತ್ತಿ ಮೆತ್ತಿದಳು.

ಶೆಟ್ಟಿಹಳ್ಳಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಕೋಣೆಗೆ ಹಗಲೇ ಕತ್ತಲಾಯಿತು. ಹಂಡೆ ನೀರಿನ ಹಬೆ, ಸಾಂಬ್ರಾಣಿ ಹೊಗೆ, ಒಣಗದ ಬಟ್ಟೆಗಳ ಮುಗ್ಗಲು, ಎಲ್ಲವೂ ಅಲ್ಲೇ ಉಳಿದವು. ಗೋಡೆ ಬೆವರಿತು. ಕೆಲವೇ ದಿನಗಳಲ್ಲಿ ಮಂಚದ ಹಿಂದೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು ಎದ್ದವು. ಮುನಿಕೆಂಪಮ್ಮ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮಾರನೆಯ ದಿನ ಚುಕ್ಕೆಗಳು ಕೂಡಿಕೊಂಡು ಒಂದೇ ಕಲೆಯಾಗಿ ಬಂದವು. ಹುಳಿಹಿಡಿದ ಮಜ್ಜಿಗೆ ಮಡಕೆಯಂಥ ವಾಸನೆ ಅನ್ನದಲ್ಲೂ ಬರತೊಡಗಿತು.

ಆ ಕಲೆಗೆ ಮೊದಲು ಮಂಡಿ ಮೂಡಿತು. ಆಮೇಲೆ ಬೆನ್ನು. ಆಮೇಲೆ ಕಿವಿ ಮುಚ್ಚಿ ಬಟ್ಟೆ ಕಟ್ಟಿದ ತಲೆ. ಗೋಡೆಯ ಮೇಲೆ ಬಾಣಂತಿಯೊಬ್ಬಳು ಕಾಲು ಮಡಿಸಿ ಕುಳಿತಿದ್ದಳು. ಅವಳ ಮಡಿಲು ಮಾತ್ರ ಖಾಲಿ ಇತ್ತು.

ಕೂಸು ಕೆಮ್ಮಲು ಶುರುಮಾಡಿತು. ಎಳೆಯ ಎದೆಯೊಳಗೆ ಗೊರಗೊರ ಸದ್ದು.

"ಅವ್ವಾ, ಕಿಂಡಿ ತೆಗಿಯವ್ವಾ," ಎಂದಳು ಯಲ್ಲಮ್ಮ. "ಎದೆ ಮ್ಯಾಲೆ ಯಾರೋ ಕುಂತಂಗೆ ಆಯ್ತದೆ."

"ಸುಮ್ಕಿರು. ಗಾಳಿ ನುಗ್ಗಿದ್ರೆ ಕೂಸು ನಿನ್ನದಲ್ಲ."

ಸೊಣ್ಣಪ್ಪ ತಡೆಯಲಾರದೆ ಯಶವಂತಪುರದ ಡಾಕ್ಟರೊಬ್ಬರ ಹತ್ತಿರ ಹೋಗಿ, ಕಂಡದ್ದನ್ನೆಲ್ಲ ಹೇಳಿ ಬಂದ. "ಗೋಡೆ ಬೂಷ್ಟು ಉಸಿರಿನಾಗೆ ಓಗಿ ಎದೇಲಿ ಕೂತ್ಕತದಂತೆ ಕಣೇ ಕೆಂಪಿ. ಎಳೇ ಕೂಸು ತಡಕೊಳಾಕಿಲ್ವಂತೆ. ಕೋಣೆಗೆ ಗಾಳಿ ಬೆಳಕು ಬಿಡಿ, ತಾಯಿ ಮಗೀನ ಮೊದ್ಲು ಅಲ್ಲಿಂದ ಎಬ್ಬಿಸಿ ಅಂದ್ರು."

"ಬಾಣಂತಿಗೆ ಗಾಳಿ ಬಿಡು ಅನ್ನೋನು ಅದೆಂತಾ ಡಾಕ್ಟ್ರು! ಅವ್ರು ಹೆತ್ತಿದ್ರಾ?"

ಮಾಟದ ಮಾತಿಗೆ ನಕ್ಕವಳು ಡಾಕ್ಟರ ಮಾತಿಗೂ ನಕ್ಕಳು. ಆದರೆ ಈ ಸಲದ ನಗು ಬಾವಿಕಟ್ಟೆಯಿರಲಿ, ಪಡಸಾಲೆಗೂ ಕೇಳಲಿಲ್ಲ. ಅಂದೇ ಕಲೆಯ ಮೇಲೆಲ್ಲ ದಪ್ಪವಾಗಿ ಸಗಣಿ ಸಾರಿಸಿಬಿಟ್ಟಳು. ಸಗಣಿ ಒಣಗಲಿಲ್ಲ. ಅದರ ಮೇಲೆ ಬಾಣಂತಿ ಇನ್ನೂ ಕಪ್ಪಗೆ, ಮೈತುಂಬ ನವಿರು ಎದ್ದು ಬಂದಳು. ಮಡಿಲಲ್ಲಿ ಈಗ ನಿಂಬೆಹಣ್ಣಿನಷ್ಟು ದುಂಡನೆಯ ಕಲೆಯೊಂದಿತ್ತು. ಕೂಸು ಮೊಲೆ ಬಿಟ್ಟಿತು. ಕೂಸು ಬಡವಾದಷ್ಟೂ ಮಡಿಲಿನ ಕಲೆ ಬೆಳೆಯಿತು. ಅದಕ್ಕೆ ತಲೆ ಬಂತು, ಮುಷ್ಟಿ ಬಂತು.

ಒಂದು ಮಧ್ಯಾಹ್ನ ಜಡಿಮಳೆ. ಸೊಣ್ಣಪ್ಪ ಕೆಲಸಕ್ಕೆ ಹೋಗಿದ್ದ. ಯಲ್ಲಮ್ಮ ಬಾಯಿ ತೆರೆದುಕೊಂಡು, ನಿದ್ದೆಯೋ ಮಂಪರೋ ತಿಳಿಯದಂತೆ ಬಿದ್ದಿದ್ದಳು. ಕೂಸಿನ ಗೊರಗೊರ ಸದ್ದು ಇದ್ದಕ್ಕಿದ್ದಂತೆ ನಿಂತಿತು.

ಮುನಿಕೆಂಪಮ್ಮ ಬುಡ್ಡಿದೀಪ ಎತ್ತಿ ಹಿಡಿದಳು. ಗೋಡೆಯ ಕಡೆ ನೋಡಬಾರದೆಂದುಕೊಂಡೇ ನೋಡಿದಳು.

ಮಡಿಲು ತುಂಬಿತ್ತು.

ಕಲೆಯ ಅಂಚು ಅಲುಗುತ್ತಿತ್ತು. ಉಬ್ಬಿತು. ತಗ್ಗಿತು. ಗೋಡೆ ಉಸಿರಾಡುತ್ತಿತ್ತು. ಅದು ಉಬ್ಬಿದಾಗ ಕೂಸಿನ ಎದೆಗೂಡು ಒಳಗೆ ಸೇದಿಹೋಗುತ್ತಿತ್ತು.

ಅವಳು ಕೂಸನ್ನು ಬಾಚಿ ಎತ್ತಿಕೊಂಡಳು. ಎತ್ತಿದ್ದೇ ತಡ, ತುಟಿ ನೀಲಿಗಟ್ಟಿತು. ಕಣ್ಣು ಮೇಲೆ ಹೋಯಿತು. ಗಾಬರಿಯಿಂದ ಹಾಸಿಗೆಯ ಮೇಲೆ ಇಟ್ಟಳು. ಸಣ್ಣದೊಂದು ಉಸಿರು ಬಂತು. ಮತ್ತೆ ಮುಟ್ಟಿದಳು. ಉಸಿರು ನಿಂತಿತು. ಕೈ ತೆಗೆದಳು. ಉಸಿರು ಬಂತು.

ತನ್ನ ಕೈ. ಕಿಂಡಿ ಮುಚ್ಚಿದ ಕೈ.

"ಯಲ್ಲೀ! ಏಳೇ! ಮಗೀನ ಎತ್ಕೊಂಡು ಆಚೆ ಓಗು! ನನ್ ಕೈಗೆ ಕೊಡ್ಬೇಡ, ಓಗು!"

ಯಲ್ಲಮ್ಮ ಎದ್ದಳು. ಕೂಸಿನ ಕಡೆ ಎರಡು ಹೆಜ್ಜೆ ಇಡುವಷ್ಟರಲ್ಲಿ ಕುಸಿದಳು. ಬಾಗಿಲು ಊದಿಕೊಂಡು ಕಚ್ಚಿತ್ತು. ಮುನಿಕೆಂಪಮ್ಮ ಹೆಗಲು ಕೊಟ್ಟು ಗುದ್ದಿದರೂ ಅಲುಗಲಿಲ್ಲ. ಬುಡ್ಡಿ ಆರಿತು. ಕತ್ತಲು. ಸಗಣಿಯ ಹಸಿ ವಾಸನೆ. ಕತ್ತಲಲ್ಲಿ ಯಾರೋ ಸಣ್ಣಗೆ ಜೋಗುಳ ಹಾಡುತ್ತಿದ್ದರು. ಅದು ಯಲ್ಲಮ್ಮನ ದನಿಯಲ್ಲ.

ಮುನಿಕೆಂಪಮ್ಮ ಒರಳುಕಲ್ಲಿಗೆ ಹತ್ತಿದಳು. ಸಗಣಿ ಕೆರೆದಳು. ಉಗುರು ಕಿತ್ತುಬಂತು. ಕಂಬಳಿ ಚೂರು ಎಳೆದಳು. ಇನ್ನೊಂದು. ಮತ್ತೊಂದು. ತಾನು ತುರುಕಿದ್ದೆಲ್ಲ ಮುಗಿಯಿತು. ಕಿಂಡಿ ಇನ್ನೂ ಮುಚ್ಚಿಯೇ ಇತ್ತು. ಒಳಗೆ ಕೈ ತೂರಿಸಿದಳು. ಬೆರಳಿಗೆ ಸಿಕ್ಕಿದ್ದು ಅವಳು ಇಟ್ಟದ್ದಲ್ಲ. ಒದ್ದೆ ಕೂದಲು. ದಾರ ಸುತ್ತಿದ ಗಂಟು. ಗಂಟಿನ ಆಚೆಯಿಂದ ಯಾರದೋ ತಣ್ಣನೆಯ ಉಸಿರು ಅವಳ ಮುಂಗೈಯನ್ನು ನೆಕ್ಕಿತು.

"ತಾಯೀ," ಎಂದಳು ಅವಳು. ದೇವರನ್ನಲ್ಲ, ಗೋಡೆಯವಳನ್ನು ಕರೆದಳು. "ನಾನೂ ಹೆತ್ತೋಳು ಕಣವ್ವಾ. ತೆಪ್ಪು ನಂದು. ಮಗೀನ ಬುಟ್ಬುಡು. ಏನ್ ತಕ್ಕಳೋದಿದ್ರೂ ನನ್ನಿಂದ ತಕ್ಕೊ."

ಎಳೆದಳು. ಗಂಟು ಅವಳ ಅಂಗೈಗೆ ಕಚ್ಚಿಕೊಂಡೇ ಹೊರಗೆ ಬಂತು.

ಬೆಳಕು ಬಂತು. ಮಳೆಯ ಗಾಳಿ ಕೋಣೆಯೊಳಗೆ ನುಗ್ಗಿತು. ಬಾಗಿಲು ತಾನಾಗಿ ತೆರೆದುಕೊಂಡಿತು. ಕೂಸು ಕಿಟಾರನೆ ಅತ್ತಿತು, ಇಡೀ ಶೆಟ್ಟಿಹಳ್ಳಿಗೆ ಕೇಳುವಂತೆ. ಗೋಡೆಯ ಬಾಣಂತಿಯ ಮಡಿಲು ಮತ್ತೆ ಖಾಲಿಯಾಗಿತ್ತು.

ಅವರು ಅಂದೇ ಆ ಮನೆ ಬಿಟ್ಟರು. ಗಂಟನ್ನು ಪಿಳ್ಳಪ್ಪನೇ ಸುಟ್ಟ. ಸೊಣ್ಣಪ್ಪ ಊರಾಚೆ ಕಿಟಕಿಗಳಿದ್ದ ಮನೆಯೊಂದನ್ನು ಹಿಡಿದ. ತಿಳಿಬಿಸಿಲು, ಗಾಳಿ, ಡಾಕ್ಟರ ಔಷಧಿ. ತಾಯಿ ಮಗು ಇಬ್ಬರೂ ಚೇತರಿಸಿಕೊಂಡರು. ಈಗ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಕಿಟಕಿ ತೆರೆಯುವವಳು ಮುನಿಕೆಂಪಮ್ಮ. ಮಳೆಗೆ ಮುಂಚೆ ನಿಂತು ಸುಣ್ಣ ಬಳಿಸುತ್ತಾಳೆ. ಬಿಸಿಲು ಕಂಡರೆ ಸಾಕು, ಹಾಸಿಗೆ ಹೊರಗೆ. ಯಾರ ಮನೆಯಲ್ಲಾದರೂ ಬಾಣಂತಿಯ ಕೋಣೆ ಮುಚ್ಚಿದರೆ ಹೋಗಿ ಜಗಳ ಆಡಿ ಬರುತ್ತಾಳೆ.

ಆದರೆ ಅವಳ ಎರಡು ಅಂಗೈಯಲ್ಲೂ ಸಾಸಿವೆ ಚೆಲ್ಲಿದಂಥ ಕಪ್ಪು ಉಳಿದುಬಿಟ್ಟಿತು. ಸೀಗೆಪುಡಿ, ಸುಣ್ಣ, ಸೀಮೆಎಣ್ಣೆ, ಯಾವುದಕ್ಕೂ ಹೋಗಲಿಲ್ಲ. ನಾಮಕರಣದ ದಿನ ಯಾರೋ ತಿಳಿಯದೆ ಕೂಸನ್ನು ಅಜ್ಜಿಯ ಕೈಗೆ ಕೊಟ್ಟರು. ಅಷ್ಟು ಜನರ ನಡುವೆ, ತೆರೆದ ಅಂಗಳದಲ್ಲಿ, ಕೂಸಿನ ತುಟಿ ನೀಲಿಗಟ್ಟಿತು. ಯಲ್ಲಮ್ಮ ಕಿತ್ತುಕೊಂಡಳು. ಆಮೇಲೆ ಮುನಿಕೆಂಪಮ್ಮ ಕೂಸನ್ನು ಮುಟ್ಟಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಈಗ ಮಗು ಗುಂಡಗೆ ಬೆಳೆದು ಹೆಜ್ಜೆ ಇಡುತ್ತದೆ. ಅದಕ್ಕೆ ಅಜ್ಜಿ ಎಂದರೆ ಪ್ರಾಣ. ಮೊನ್ನೆ ಅವಳು ಜಗಲಿಯ ಮೇಲೆ ಕುಳಿತಿದ್ದಾಗ ತೂರಾಡುತ್ತಾ ಬಂದು, ಎತ್ತಿಕೋ ಎಂದು ಎರಡೂ ಕೈ ಮೇಲೆ ಮಾಡಿ ನಿಂತಿತು. ಮುನಿಕೆಂಪಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಹುದುಗಿಸಿಕೊಂಡು ಗೋಡೆಗೆ ಒರಗಿದಳು. ಕಣ್ಣೀರು ಒರೆಸಿಕೊಳ್ಳಲೂ ಕೈ ಹೊರಗೆ ತೆಗೆಯಲಿಲ್ಲ.

"ಯಲ್ಲೀ, ಬಂದು ಮಗೀನ ಎತ್ಕೊಳ್ಳೇ," ಎಂದು ಕೂಗಿದಳು.

ಮಗು ಕೈ ಇಳಿಸಲಿಲ್ಲ.